ಮಾಗಿಯ ನಸುಕಿನಲ್ಲಿ ಅಂಬಾಸಿಡರ್

ಬಿಸಿಲಿಗೆ ಹೆಸರಾದ ವಿಜಯಪುರದ ಮಾಗಿಯ ನಸುಕನ್ನು ಹೊರಗಿನವರು ಬಲ್ಲುದು ಕಡಿಮೆ. ಇಬ್ರಾಹಿಂಪುರದ ನಮ್ಮ ಅಂಗಳದಲ್ಲಿ ರಾತ್ರಿಯೆಲ್ಲ ನಿಂತ ಹಳೆಯ ಅಂಬಾಸಿಡರ್ (2014ರಲ್ಲಿ ಇದರ ತಯಾರಿಕೆಯೇ ನಿಂತಿತು) ಕೀಲಿ ತಿರುವಿದರೆ ನರಳುತ್ತದೆ, ಅಷ್ಟೆ. ತಣ್ಣಗಾದ ಪೆಟ್ರೋಲು ಸುಲಭವಾಗಿ ಆವಿಯಾಗದು. ಎಣ್ಣೆ ಮಂದವಾಗಿ, ಬ್ಯಾಟರಿಯ ಕಸುವೂ ಕುಂದಿರುತ್ತದೆ. ಚೋಕ್ ಎಳೆದರೆ ಗಾಳಿ ತಗ್ಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅವಸರಪಟ್ಟು ಆಕ್ಸಿಲರೇಟರ್ ತುಳಿಯುತ್ತಲೇ ಇದ್ದರೆ ಪ್ಲಗ್ಗು ತೊಯ್ದು ಕಿಡಿಯೇ ಹಾರದು.

ಒಂದು ನಸುಕಿನಲ್ಲಿ ನೆರೆಮನೆಯ ಸೊಸೆಗೆ ಹೆರಿಗೆಬೇನೆ. “ತಮ್ಮಾ, ಲಗೂ ಮಾಡಪಾ” ಎಂದು ಅತ್ತೆ ಅವಸರಿಸುತ್ತಿದ್ದರೂ ನಾನು ಅರೆಗಳಿಗೆ ಸುಮ್ಮನಿದ್ದೆ. ದಣಿದ ಬ್ಯಾಟರಿಗೆ ಆ ಬಿಡುವು ಬೇಕು. ಬಳಿಕ ಹ್ಯಾಂಡಲ್ ಹಾಕಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇರಿಸಿ ಮೇಲಕ್ಕೆಳೆದೆ. ಅದು ಹಿಂದಕ್ಕೆ ಒದೆದರೆ ಮೂಳೆ ಮುರಿದೀತು! ಮೂರನೆಯ ಎಳೆತಕ್ಕೆ ಎಂಜಿನ್ ಚಾಲೂ ಆಯಿತು. ಚೋಕನ್ನು ಮೆಲ್ಲಮೆಲ್ಲಗೆ ಒಳಕ್ಕೆ ತಳ್ಳುತ್ತ ಆಸ್ಪತ್ರೆಯತ್ತ ಹೊರಟೆವು.