ಸ್ಪ್ಯಾನಿಷ್ ಪದಗಳ ಪುಟ್ಟ ಬಾಲ

ಸ್ಪ್ಯಾನಿಷ್ ಭಾಷೆಗೆ ಕಸ್ತೆಯಾನೊ ಎಂಬ ಇನ್ನೊಂದು ಹೆಸರಿದೆ. ಕಸ್ತಿಯಾ ಸೀಮೆಯ ಮಾತು ಎಂದು ಅದರ ಅರ್ಥ. ಆ ಸೀಮೆಗೆ ಹೆಸರು ಕೊಟ್ಟದ್ದು ಅಲ್ಲಿನ ಕೋಟೆಗಳು. ಲ್ಯಾಟಿನ್‌ನಲ್ಲಿ ಕಾಸ್ತ್ರುಮ್ ಎಂದರೆ ಕೋಟೆ, ಕಾಸ್ತೆಲ್ಲುಮ್ ಎಂದರೆ ಪುಟ್ಟ ಕೋಟೆ. ಹೀಗೆ ಭಾಷೆಯ ಹೆಸರಿನೊಳಗೇ ಕಿರಿದು ಮಾಡಿ ಹೇಳುವ ಪ್ರತ್ಯಯ ಸೇರಿಕೊಂಡಿದೆ. ಪದಪಟ್ಟಿ ಉರುಹೊಡೆಯುವ ವಿದ್ಯಾರ್ಥಿಗೆ ಈ ಪ್ರತ್ಯಯದ ಜಾಡು ಹಿಡಿಯುವುದು ದೊಡ್ಡ ಆಸರೆ.

ಶಿಷ್ಟ ಲ್ಯಾಟಿನ್‌ನಲ್ಲಿ ಕಿವಿಗೆ ಔರಿಸ್ ಎನ್ನುತ್ತಿದ್ದರು. ಜನಸಾಮಾನ್ಯರು ಪುಟ್ಟ ಕಿವಿ ಎಂಬರ್ಥದ ಔರಿಕುಲಾ ಬಳಸಿದರು. ಅದು ನಾಲಿಗೆಯ ಮೇಲೆ ಸವೆದು ಓರಿಕ್ಲಾ ಆಯಿತು. ವ್ಯಾಕರಣ ಬಲ್ಲವರಿಗೆ ಇದು ಒಗ್ಗಲಿಲ್ಲ. ‘ಅಪೆಂಡಿಕ್ಸ್ ಪ್ರೋಬಿ’ ಎಂಬ ಹಳೆಯ ತಪ್ಪು-ಒಪ್ಪುಗಳ ಪಟ್ಟಿ ಔರಿಸ್ ಸರಿ, ಓರಿಕ್ಲಾ ತಪ್ಪು ಎಂದು ತೀರ್ಪು ಕೊಟ್ಟಿದೆ. ಉಳಿದದ್ದು ಮಾತ್ರ ಆ ತಪ್ಪು ರೂಪವೇ! ಇಂದಿನ ಸ್ಪ್ಯಾನಿಷ್‌ನಲ್ಲಿ ಕಿವಿ ಎಂದರೆ ಒರೆಹಾ.

ಇದೇ ಹಾದಿಯಲ್ಲಿ ಆಪಿಸ್ ಎಂಬ ಜೇನ್ನೊಣ ಅಪಿಕುಲಾ ಆಗಿ, ಕೊನೆಗೆ ಅಬೆಹಾ ಆಯಿತು. ಓವಿಸ್ ಎಂಬ ಕುರಿ ಓವಿಕುಲಾ ಆಗಿ ಒಬೆಹಾ ಆಯಿತು. ಮೋಟು ಪದಗಳಿಗೆ ಬಾಲ ಸೇರಿದ್ದರಿಂದಲೇ ಅವು ಬದುಕಿದವು ಎನ್ನಬೇಕು. ಪುಟ್ಟದು ಎಂಬ ಅರ್ಥ ಮಾತ್ರ ಕಳಚಿ ಬಿತ್ತು. ಲ್ಯಾಟಿನ್‌ನ ‘ಕುಲ’ ಸ್ಪ್ಯಾನಿಷ್‌ನಲ್ಲಿ ‘ಹ’ ಆಗುವ ಈ ಒಂದು ಸೂತ್ರ ಗೊತ್ತಿದ್ದರೆ ಓಕುಲುಸ್‌ನಿಂದ ಓಹೊ (ಕಣ್ಣು), ಸ್ಪೆಕುಲುಮ್‌ನಿಂದ ಎಸ್ಪೆಹೊ (ಕನ್ನಡಿ) ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಮೊಣಕಾಲಿನ ಹೆಸರಂತೂ ಬಲು ಚೆಂದ: ರೊದಿಯಾ. ಮೂಲದಲ್ಲಿ ಅದು ಪುಟ್ಟ ಚಕ್ರ, ಅಂದರೆ ಮಂಡಿಚಿಪ್ಪಿನ ದುಂಡು ಆಕಾರ.

1492ರಲ್ಲಿ ಆಂಟೋನಿಯೊ ದೆ ನೆಬ್ರಿಹಾ ಕಸ್ತೆಯಾನೊದ ವ್ಯಾಕರಣ ಬರೆದಾಗ ಈ ಪ್ರತ್ಯಯಗಳಿಗೂ ಜಾಗ ಕೊಟ್ಟ. ಆಗ ‘ಇಯೊ’, ‘ಇಯಾ’ ಪ್ರತ್ಯಯಗಳು ಜೋರಾಗಿದ್ದವು. ಮುಂದೆ ‘ಇತೊ’ ಮೇಲುಗೈ ಪಡೆಯಿತು. ಹಳೆಯವು ಹೊಸ ವಸ್ತುಗಳ ಹೆಸರಿನಲ್ಲಿ ನೆಲೆಯೂರಿದವು. ಬೊಲ್ಸಾ ಚೀಲ, ಬೊಲ್ಸಿಯೊ ಜೇಬು. ಬೆಂತಾನಾ ಕಿಟಕಿ, ಬೆಂತಾನಿಯಾ ಟಿಕೆಟ್ ಕೊಡುವ ಕಿಂಡಿ. ಬೈನಾ ಎಂದರೆ ಒರೆ ಅಥವಾ ಕಾಯಿಯ ಸಿಪ್ಪೆ. ಬೈನಿಯಾ ಎಂದರೆ ಮಲೆನಾಡಿನ ತೋಟಗಳಿಗೂ ಬಂದ ವೆನಿಲ್ಲಾ. ಗೆರಾ ಎಂದರೆ ಯುದ್ಧ; 1808ರಲ್ಲಿ ನೆಪೋಲಿಯನ್ ಸೇನೆಯ ವಿರುದ್ಧ ಸ್ಪೇನ್‌ನ ಜನ ಸಣ್ಣ ತಂಡಗಳಲ್ಲಿ ಕಾದಾಡಿದ ಮೇಲೆ ಜಗತ್ತಿಗೆ ಹಬ್ಬಿದ ಗೆರಿಯಾ, ನಮ್ಮ ಪತ್ರಿಕೆಗಳಲ್ಲಿ ಗೆರಿಲ್ಲಾ. ‘ಇತೊ’ಗೂ ಇಂಥ ಉದಾಹರಣೆಯುಂಟು: ಮೊಸ್ಕಾ ನೊಣ, ಮೊಸ್ಕಿತೊ ಸೊಳ್ಳೆ.

ಆದರೆ ಒಂದು ಎಚ್ಚರ: ಕುರ್ಚಿಗೆ ಹೇಳುವ ಸಿಯಾ ಈ ಗುಂಪಿನದಲ್ಲ. ಅದು ಲ್ಯಾಟಿನ್‌ನ ಸೆಲ್ಲಾದಿಂದ ನೇರವಾಗಿ ಬಂದ ಪದ. ಪುಟ್ಟ ಕುರ್ಚಿ ಬೇಕಾದರೆ ಸಿಯಿತಾ ಎನ್ನಬೇಕು.

ಅಟ್ಲಾಂಟಿಕ್ ದಾಟಿದ ಮೇಲೆ ಈ ಬಾಲಕ್ಕೆ ಇನ್ನಷ್ಟು ಸಲುಗೆ ಸಿಕ್ಕಿತು. ಮೆಕ್ಸಿಕೊದಲ್ಲಿ ‘ಈಗ’ ಎಂಬ ಅಹೋರಾ ಕೂಡ ಅಹೋರಿತಾ ಆಗುತ್ತದೆ. ಈ ಕ್ಷಣವೋ, ಇನ್ನೊಂದು ತಾಸೋ, ಹೇಳುವವರ ದನಿಯಲ್ಲೇ ತಿಳಿಯಬೇಕು. ಕೋಸ್ಟರಿಕಾದವರು ಕ್ಷಣಕ್ಕೆ ಮೊಮೆಂತಿಕೊ ಎನ್ನುತ್ತಾರೆ. ಮಾತುಮಾತಿಗೂ ಕೇಳಿಬರುವ ಈ ‘ತಿಕೊ’ ಅವರ ಅಡ್ಡಹೆಸರೇ ಆಗಿಬಿಟ್ಟಿದೆ.