ತಾಲೀಮು ಮಾಡಿದ ಧೈರ್ಯ



ಚಳವಳಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೆರವಣಿಗೆ, ಘೋಷಣೆ, ಭಾಷಣ. ಅದರ ಹಿಂದಿನ ಸಿದ್ಧತೆ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅಂಥ ಸಿದ್ಧತೆಯ ಬಲದಿಂದಲೇ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಮುಂಚೂಣಿಗೆ ಬಂದ ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನು ಈ ದಿನ ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ಡಯೇನ್ ನ್ಯಾಶ್.

1938ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿದ ನ್ಯಾಶ್, 1959ರಲ್ಲಿ ದಕ್ಷಿಣದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಓದಲು ಬಂದರು. ಅಲ್ಲಿ ಕಪ್ಪು ಜನರು ದೊಡ್ಡ ಅಂಗಡಿಗಳಲ್ಲಿ ಹಣ ಕೊಟ್ಟು ಸಾಮಾನು ಕೊಳ್ಳಬಹುದಿತ್ತು. ಆದರೆ ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಬಿಳಿಯರ ಪಕ್ಕ ಕುಳಿತು ತಿನ್ನುವಂತಿರಲಿಲ್ಲ. ಈ ಅವಮಾನ ನ್ಯಾಶ್ ಅವರನ್ನು ಕಲಕಿತು.

ಆ ಊರಿನಲ್ಲಿ ಜೇಮ್ಸ್ ಲಾಸನ್ ಎಂಬ ಪಾದ್ರಿ ವಿದ್ಯಾರ್ಥಿಗಳಿಗೆ ಅಹಿಂಸಾ ಹೋರಾಟದ ಶಿಬಿರ ನಡೆಸುತ್ತಿದ್ದರು. ಅವರು 1953ರಲ್ಲಿ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು, ಸುಮಾರು ಮೂರು ವರ್ಷ ಇದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದ್ದವರು. ಶಿಬಿರದಲ್ಲಿ ಕೆಲವರು ಪುಂಡರ ಪಾತ್ರ ವಹಿಸಿ ಬೈಯುತ್ತಿದ್ದರು, ತಳ್ಳುತ್ತಿದ್ದರು. ಉಳಿದವರು ಕೈ ಎತ್ತದೆ, ಬಾಯಿಬಿಡದೆ, ತಲೆಗೆ ಪೆಟ್ಟು ಬೀಳದಂತೆ ಕಾಪಾಡಿಕೊಳ್ಳುವುದನ್ನು ಕಲಿಯುತ್ತಿದ್ದರು. ನಾಟಕಕ್ಕೆ ತಾಲೀಮು ಇರುವಂತೆ ಇದು ಧೈರ್ಯಕ್ಕೆ ತಾಲೀಮು. ಇದರಿಂದ ಫಲ ಸಿಕ್ಕೀತೆಂದು ನ್ಯಾಶ್ ಅವರಿಗೇ ಮೊದಲು ನಂಬಿಕೆ ಇರಲಿಲ್ಲ. ಭಯವೂ ಇತ್ತು. ಆದರೂ ಬಿಡದೆ ಹೋದರು; ಮುಂದೆ ವಿದ್ಯಾರ್ಥಿ ಸಮಿತಿಯ ಅಧ್ಯಕ್ಷೆಯಾದರು.

1960ರ ಫೆಬ್ರವರಿ 13ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಊಟದ ಕೌಂಟರುಗಳಲ್ಲಿ ಹೋಗಿ ಕುಳಿತರು. ಫೆಬ್ರವರಿ 27ರಂದು ಪುಂಡರು ಅವರನ್ನು ಹೊಡೆದರು. ಪೊಲೀಸರು ಹಿಡಿದದ್ದು ಮಾತ್ರ ಪೆಟ್ಟು ತಿಂದವರನ್ನು! ಒಂದು ತಂಡವನ್ನು ಕರೆದೊಯ್ದರೆ ಇನ್ನೊಂದು ತಂಡ ಬಂದು ಅದೇ ಜಾಗದಲ್ಲಿ ಕುಳಿತುಕೊಳ್ಳುತ್ತಿತ್ತು. ನ್ಯಾಯಾಲಯ ದಂಡ ವಿಧಿಸಿದಾಗ ನ್ಯಾಶ್ ಮತ್ತು ಹಲವರು ಹಣ ಕಟ್ಟದೆ ಸೆರೆಮನೆಯನ್ನೇ ಆರಿಸಿಕೊಂಡರು.

ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲ ಲೂಬಿ ಅವರ ಮನೆಗೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಮೌನವಾಗಿ ನಗರಾಡಳಿತದ ಕಚೇರಿಗೆ ನಡೆದುಹೋದರು. ಮೇಯರ್ ಬೆನ್ ವೆಸ್ಟ್ ಮೆಟ್ಟಿಲ ಮೇಲೆ ನಿಂತಿದ್ದರು. 21 ವರ್ಷದ ನ್ಯಾಶ್ ಅವರನ್ನು ನೇರವಾಗಿ ಪ್ರಶ್ನಿಸಿದರು: ಕೇವಲ ಮೈಬಣ್ಣದ ಕಾರಣಕ್ಕೆ ಒಬ್ಬ ಮನುಷ್ಯನನ್ನು ಬೇರೆಯಾಗಿ ಕಾಣುವುದು ತಪ್ಪೆಂದು ನಿಮಗೆ ಅನಿಸುವುದಿಲ್ಲವೇ? ತಪ್ಪೆಂದು ಮೇಯರ್ ಎಲ್ಲರೆದುರು ಒಪ್ಪಿಕೊಂಡರು. ಮೇ 10ರಂದು ನಗರದ ಆರು ಅಂಗಡಿಗಳ ಕೌಂಟರುಗಳು ಕಪ್ಪು ಜನರಿಗೆ ತೆರೆದವು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಬಂದದ್ದು 1961ರಲ್ಲಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳಲ್ಲೂ ಅವುಗಳ ನಿಲ್ದಾಣಗಳಲ್ಲೂ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಅದು ಜಾರಿಯಾಗಿರಲಿಲ್ಲ. ಅದನ್ನು ಜಾರಿಗೆ ತರಿಸಲು ಕಪ್ಪು ಜನರೂ ಬಿಳಿಯರೂ ಜೊತೆಗೂಡಿ ಬಸ್ಸುಗಳಲ್ಲಿ 'ಸ್ವಾತಂತ್ರ್ಯ ಯಾತ್ರೆ' ಹೊರಟರು. ಮೇ 14ರಂದು ಅಲಬಾಮಾದಲ್ಲಿ ಒಂದು ಬಸ್ಸಿಗೆ ಬೆಂಕಿ ಹಚ್ಚಲಾಯಿತು, ಯಾತ್ರಿಕರನ್ನು ಥಳಿಸಲಾಯಿತು. ಯಾತ್ರೆ ನಿಂತಿತು.

ಆಗ ನ್ಯಾಶ್ ಯೋಚಿಸಿದ್ದು ಹೀಗೆ: ಹೊಡೆತಕ್ಕೆ ಹೆದರಿ ಈಗ ನಿಂತರೆ, ಯಾವ ಅಹಿಂಸಾ ಹೋರಾಟವನ್ನಾದರೂ ಹೊಡೆದು ನಿಲ್ಲಿಸಬಹುದೆಂಬ ಪಾಠ ಎದುರಾಳಿಗೆ ಸಿಗುತ್ತದೆ. ಅವರು ನ್ಯಾಶ್‌ವಿಲ್‌ನಿಂದ ಹೊಸ ತಂಡವನ್ನು ಕಳುಹಿಸಿದರು. ಹೊರಟವರಲ್ಲಿ ಕೆಲವರು, ತಾವು ಸತ್ತರೆ ಅಂಚೆಗೆ ಹಾಕಿ ಎಂದು ಮುಚ್ಚಿದ ಪತ್ರಗಳನ್ನು ನ್ಯಾಶ್ ಅವರ ಕೈಗೆ ಕೊಟ್ಟಿದ್ದರು. ತಮ್ಮದೇ ವಯಸ್ಸಿನವರ ಜೀವದ ಹೊಣೆ ಹೊರುವುದೆಂದರೇನು, ಯೋಚಿಸಿ ನೋಡಿ. ಒಟ್ಟು 400ಕ್ಕೂ ಹೆಚ್ಚು ಜನ ಈ ಯಾತ್ರೆಗೆ ಸೇರಿದರು. ನವೆಂಬರ್ 1ರಿಂದ ಬಸ್ಸು, ನಿಲ್ದಾಣಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕೇಂದ್ರ ಆಯೋಗದ ಆದೇಶ ಜಾರಿಗೆ ಬಂದಿತು.

ಈ ಹೋರಾಟಕ್ಕಾಗಿ ನ್ಯಾಶ್ ತಮ್ಮ ಓದನ್ನೇ ಬಿಟ್ಟರು. ಅದು ಸಣ್ಣ ತ್ಯಾಗವಲ್ಲ. ಎಲ್ಲರೂ ಹಾಗೆ ಮಾಡಬೇಕೆಂದೂ ನಾನು ಹೇಳುವುದಿಲ್ಲ. ಅವರ ದೇಶ 2022ರಲ್ಲಿ ಅವರಿಗೆ ತನ್ನ ಅತ್ಯುನ್ನತ ನಾಗರಿಕ ಗೌರವವನ್ನು ನೀಡಿತು. ಆದರೆ ನಾವು ಗಮನಿಸಬೇಕಾದದ್ದು ಬೇರೆ. ಕೋಪ ಯಾರಿಗಾದರೂ ಬರುತ್ತದೆ. ಅದನ್ನು ಶಿಸ್ತಿಗೆ ಒಳಪಡಿಸಿ, ಎದುರಾಳಿಯೂ ಉತ್ತರಿಸಲೇಬೇಕಾದ ಒಂದು ಪ್ರಶ್ನೆಯನ್ನಾಗಿ ಮಾಡುವುದಕ್ಕೆ ಅಭ್ಯಾಸ ಬೇಕು. ಆ ಅಭ್ಯಾಸವನ್ನು ಆರಂಭಿಸಲು ವಿದ್ಯಾರ್ಥಿ ದೆಸೆ ತಕ್ಕ ಕಾಲ.