ಮಗ್ಗದ ಸದ್ದಿನ ನಡುವೆ ಮೈಕ್



1935ರಲ್ಲಿ ಮೈಸೂರಿನ ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಪಾಡ್‌ಕಾಸ್ಟ್, ನೇರಪ್ರಸಾರ ಮಾಡಬಯಸುವ ನಿಮಗೂ ಮನೆಯೇ ಸ್ಟುಡಿಯೋ. ಆದರೆ ದೊಡ್ಡಬಳ್ಳಾಪುರದಲ್ಲಿ ಎಷ್ಟೋ ಮನೆಗಳ ಗೋಡೆಯಾಚೆಯೇ ವಿದ್ಯುತ್ ಮಗ್ಗ. ದೇವನಹಳ್ಳಿಯಲ್ಲಿ ತಲೆಯ ಮೇಲೆ ವಿಮಾನ. ಮೈಕ್ ಕೊಳ್ಳುವ ಮೊದಲು ಈ ಸದ್ದನ್ನು ನೆನೆಯಿರಿ.

ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ನಿಶ್ಶಬ್ದ ಕೋಣೆಗೆ ಅದು ಒಳ್ಳೆಯದೇ. ಮಗ್ಗದ ಮಗ್ಗುಲಲ್ಲಿ ಮಾತಿನೊಂದಿಗೆ ಮಗ್ಗವನ್ನೂ ಕೇಳಿಸುತ್ತದೆ. ಅಲ್ಲಿಗೆ ಡೈನಾಮಿಕ್ ಮೈಕೇ ಸರಿಯೆಂದು ನನ್ನ ಅಭಿಪ್ರಾಯ. ಅದನ್ನು ಬಾಯಿಗೆ ಹತ್ತಿರವಿಟ್ಟೇ ಮಾತನಾಡಬೇಕು. ‘ಕಾರ್ಡಿಯಾಯ್ಡ್’ ಎಂದಿದ್ದರೆ ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ. ಆ ಬೆನ್ನು ಮಗ್ಗದ ಕಡೆಗಿರಲಿ. ಯುಎಸ್‌ಬಿ ಮೈಕಾದರೆ ನೇರ ಕಂಪ್ಯೂಟರಿಗೆ ಸಿಕ್ಕಿಸಬಹುದು, ಬೇರೆ ಪೆಟ್ಟಿಗೆಯ ಖರ್ಚಿಲ್ಲ.

ಅಷ್ಟೂ ಹಣವಿಲ್ಲವೇ? ಇಯರ್‌ಫೋನಿನ ಮೈಕನ್ನೇ ಬಾಯಿಯ ಹತ್ತಿರ ತನ್ನಿ. ಒಂದಡಿ ದೂರ ಅರ್ಧ ಅಡಿಯಾದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಗ್ಗದ ಸದ್ದು ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾಸು ಬೇಡ. ಕಿಟಕಿ ಮುಚ್ಚಿ, ಗೋಡೆಗೆ ಹಳೆಯ ಕಂಬಳಿ ಇಳಿಬಿಟ್ಟರೆ ಮಾರ್ದನಿಯೂ ತಗ್ಗುತ್ತದೆ.

ಇನ್ನೊಂದು ಮಾತು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ. ಮೊಬೈಲಿನಲ್ಲಿ ಚಾರ್ಜ್ ಇದ್ದರೆ ನಿಮ್ಮ ರೆಕಾರ್ಡಿಂಗ್ ವೇಳೆ ಅದೇ.